ಬೂದು ಚೌಕದೊಳಗಿನ ಗಿಳಿ

ಬಾಡ, ಕುಮಟಾ ತಾಲೂಕು
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಮಗಳು ರಂಜಿತಾಳಿಗೆ, ಬಾಡದಿಂದ ನಿನ್ನ ಅವ್ವಿ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಕ್ಷೇಮವೇ ಆಗಿದ್ದರೆ ನಾನು ಕಾಗದ ಪೆನ್ನು ಹುಡುಕುತ್ತಿರಲಿಲ್ಲ, ಫೋನಿನಲ್ಲೇ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ. ಗಾಬರಿಯಾಗಬೇಡ, ಯಾರೂ ಬಿದ್ದಿಲ್ಲ, ಯಾರೂ ಮಲಗಿಲ್ಲ. ಅಂಥದ್ದು ಆಗುವ ಮೊದಲೇ ತಡೆಯಬೇಕು ಎಂದು ಬರೆಯುತ್ತಿದ್ದೇನೆ. ಅಳಿಯ ವಿನೋದ ಇವತ್ತು ಕೆಲಸದ ಮೇಲೆ ಕುಮಟೆಗೆ ಬಂದಿದ್ದಾನಲ್ಲ, ಸಂಜೆ ಕಾಯ್ಕಿಣಿಗೆ ಮರಳುವಾಗ ಹರಿವೆ ಸೊಪ್ಪಿನ ಚೀಲದ ಜೊತೆ ಇದನ್ನೂ ಅವನ ಕೈಗೆ ಕೊಡುತ್ತೇನೆ. ಒಬ್ಬಳೇ ಕೂತು ಓದು.

ಫೋನು ಯಾಕೆ ಮಾಡಲಿಲ್ಲ ಎಂದರೆ ನಿನ್ನ ಅಪ್ಪನ ಕಿವಿಯ ದೆಸೆಯಿಂದ. ನಾನು ಹಿತ್ತಲಲ್ಲಿ ನಿಂತು ಪಿಸುಗುಟ್ಟಿದರೂ ಜಗಲಿಯಲ್ಲಿ ಕೂತವರಿಗೆ ಕೇಳುತ್ತದೆ. ಮೆಸೇಜು ಬರೆಯೋಣ ಎಂದರೆ ಮನೆಯ ಫೋನು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಅವರ ಮಡಿಲಲ್ಲೇ ಇರುತ್ತದೆ. ನನ್ನ ಕೈಯಲ್ಲಿರುವುದು ಅಂಗನವಾಡಿಯ ಫೋನು, ಅದರಲ್ಲಿ ಮಕ್ಕಳ ತೂಕ ಬರೆಯುತ್ತೇನೆ, ಮನೆಯ ಸಂಕಟ ಬರೆಯುವುದಿಲ್ಲ. ಇನ್ನೂ ಒಂದು ಕಾರಣವಿದೆ. ಇದನ್ನು ಬಾಯಲ್ಲಿ ಹೇಳಹೊರಟರೆ ನನಗೆ ಅಳು ಬರುತ್ತದೆ, ಅದನ್ನು ಕೇಳಿ ನೀನೂ ಅಳುತ್ತೀಯ, ಹೇಳಬೇಕಾದದ್ದು ಅಲ್ಲಿಗೇ ನಿಲ್ಲುತ್ತದೆ.

ವಿಷಯ ನಿನ್ನ ಹಕ್ಕಿ ಆಟದ್ದು.

ನಿನ್ನ ಅಪ್ಪ ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ಮನೆಗೆ ಬಂದು ಕೂತಾಗ, ಮನುಷ್ಯ ಸುಮ್ಮನೆ ಕೂತು ಕೂತು ಕೆಡುತ್ತಾರೆ ಎಂದು ನೀನೇ ಅಲ್ಲವೇ ಈ ಆಟ ಶುರು ಮಾಡಿದ್ದು? ಭಾನುವಾರ ಸಂಜೆಯಾದರೆ ಗ್ರೂಪಿನಲ್ಲಿ ನೀನೊಂದು ಹಕ್ಕಿಯ ಪಟ ಹಾಕುವುದು. ಅದೂ ನೆಟ್ಟಗಿನ ಪಟವಲ್ಲ. ಎಲೆಯ ಸಂದಿಯಲ್ಲಿ ಬರೀ ಬಾಲ, ಇಲ್ಲವೇ ಬಿಸಿಲಿಗೆ ಕಪ್ಪಗಾದ ಮೈ, ಇಲ್ಲವೇ ಹೊಳೆ ದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಹಿಂದಿನಿಂದ ಇಣುಕುವ ಒಂದು ಕೊಕ್ಕು. ಬರೀ ಹೆಸರು ಹೇಳಿದರೆ ಆಗುವುದಿಲ್ಲ, ಯಾಕೆ ಎಂದು ಕಾರಣವನ್ನೂ ಹೇಳಬೇಕು. ತಪ್ಪು ಹೇಳಿದವರಿಗೆ ನೀನು ದಂಡ ಹಾಕುತ್ತೀಯ, ಅವರು ಅದನ್ನು ಮರುಮಾತಾಡದೆ ತೀರಿಸಬೇಕು. ಹೊನ್ನಾವರದ ಔಷಧ ಅಂಗಡಿಯ ರವೀಂದ್ರ ದಂಡವೆಂದು ಎಲ್ಲರಿಗೂ ಒಣಗಿಸಿದ ಬಾಳೆಹಣ್ಣಿನ ಸುಕೇಳಿ ಕಳಿಸಿದ. ಭಟ್ಕಳದ ಅಮೂಲ್ಯಾ ಟೀಚರು ಪಾಪ, ಗೂಬೆಯ ಹಾಗೆ ಕೂಗಿ ಕೇಳಿಸಿದರು. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ, ನಗಬೇಡ. ಅಂಗನವಾಡಿಯಲ್ಲಿ ಒಂದನ್ನೇ ಹತ್ತು ಸಲ ಹೇಳಿ ರೂಢಿಯಾಗಿದೆ.

ಮೊದಮೊದಲು ನಾನು ಎಷ್ಟು ಗೊಣಗುತ್ತಿದ್ದೆ ಎಂಬುದೂ ನಿನಗೆ ಗೊತ್ತು. ನನಗೆ ಕಾಗೆ, ಕೋಳಿ, ಗದ್ದೆಯ ಬೆಳ್ಳಕ್ಕಿ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಈ ವಯಸ್ಸಿನಲ್ಲಿ ಹಕ್ಕಿಯ ಬಾಲ ಹಿಡಿದುಕೊಂಡು ಹೊರಟಿದ್ದಾರೆ ಎಂದು ಅಕ್ಕಪಕ್ಕದವರ ಹತ್ತಿರವೂ ಆಡಿಕೊಂಡಿದ್ದೇನೆ. ನಿನ್ನ ಅಪ್ಪ ಕಂಬ ಹತ್ತುವ ಕಾಲದಲ್ಲೇ ಹಕ್ಕಿ ಕಲಿತವರು. ತಂತಿಯ ಮೇಲೆ ಕೂತದ್ದು ಕಾಜಾಣವೋ ಕಳ್ಳಿಪೀರವೋ ಎಂದು ಕೆಳಗಿನಿಂದಲೇ ಹೇಳುತ್ತಿದ್ದರು, ಅದು ಕೂತ ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಆಮೇಲೆ ನೋಡುತ್ತಿದ್ದರು. ಹಾಗಾಗಿ ಅವರು ವಾರ ವಾರವೂ ಗೆಲ್ಲುವುದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಹೋದ ಮಳೆಗಾಲ ಮುಗಿದ ಮೇಲೆ ಒಂದು ಹೊಸ ಕ್ರಮ ಶುರುವಾಯಿತು. ನೀನು ಪಟ ಹಾಕಿದ ಕೂಡಲೇ ನನ್ನನ್ನು ಕರೆಯುವುದು. ಕನ್ನಡಕ ಎಲ್ಲಿಟ್ಟೆನೋ ಕಾಣೆ ಗಂಗೇ, ಪಟದಲ್ಲಿ ಎಂತ ಕಾಣ್ತದೆ ಹೇಳು ಎನ್ನುವುದು. ಒಂದು ವಾರ ಕನ್ನಡಕ, ಇನ್ನೊಂದು ವಾರ ಕೈಗೆ ಎಣ್ಣೆ, ಮತ್ತೊಂದು ವಾರ ನಿನಗೂ ಹಕ್ಕಿ ಕಲಿಸುತ್ತೇನೆ ಬಾ ಎಂಬ ಬೆಣ್ಣೆ ಮಾತು. ನಾನು ಬೈಯುತ್ತಲೇ ಹೇಳುತ್ತಿದ್ದೆ. ನನಗೆ ಬರುವುದು ಅಡುಗೆಮನೆಯ ಭಾಷೆ. ಎದೆ ಮುರುಗಲ ಸಿಪ್ಪೆಯ ಹಾಗೆ ಕಡುಗೆಂಪು, ಕೊಕ್ಕು ಇಕ್ಕಳದ ಹಾಗೆ, ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಚುಕ್ಕೆ. ಅಷ್ಟು ಸಾಕು, ಅವರು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿ ಹೆಸರು ಹೇಳಿಬಿಡುತ್ತಿದ್ದರು.

ಒಂದು ಸಲ ಮಿರ್ಜಾನದ ಹೊಳೆ ದಂಡೆಯಲ್ಲಿ ತೆಗೆದ ಪಟ ಹಾಕಿದ್ದೆಯಲ್ಲ, ಬಿಳಿ ರೆಕ್ಕೆ ಬಿಚ್ಚಿ ಹಾರುವ ಹಕ್ಕಿ. ನನಗೂ ಗೊತ್ತಿರುವ ಒಂದು ಹಕ್ಕಿ ಬಂತು ಎಂದು ಹೆಮ್ಮೆಯಿಂದ ಬೆಳ್ಳಕ್ಕಿ ಎಂದೆ. ಬೆನ್ನು ಹೇಗಿದೆ ಎಂದರು. ಬೆನ್ನು ಕೆಸರಿನ ಬಣ್ಣ ಎಂದೆ. ಹಾಗಾದರೆ ಅದು ಕೊಳದ ಬಕ, ಕೂತಾಗ ಮಣ್ಣಿನ ಹೆಂಟೆ, ಎದ್ದು ಹಾರಿದರೆ ಬಿಳಿ, ಅದರ ಬಿಳಿಯೆಲ್ಲ ರೆಕ್ಕೆಯೊಳಗೇ ಇರುತ್ತದೆ ಎಂದರು. ಮಾರನೇ ದಿನ ನಮ್ಮ ಎರಡು ಗದ್ದೆಗಳ ನಡುವಿನ ಹಾಳಿಯ ಮೇಲೆ ಅದನ್ನೇ ನೋಡಿದೆ ರಂಜಿತಾ. ಮಣ್ಣಿನ ಹೆಂಟೆಯೇ. ನಾನು ಹತ್ತಿರ ಹೋದದ್ದೇ ತಡ, ಬೆಳ್ಳಗೆ ಬಿಚ್ಚಿಕೊಂಡು ಹಾರಿತು. ಮದುವೆಯಾಗಿ ಬಂದಾಗಿನಿಂದ ಅದೇ ಹಾಳಿಯ ಮೇಲೆ ತಿರುಗಾಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಅವತ್ತಿನಿಂದ ನಿನ್ನ ಅಪ್ಪನ ಮೇಲೆ ನನಗೆ ಒಂದು ನಮೂನೆಯ ಭಕ್ತಿಯೇ ಹುಟ್ಟಿತು ಅನ್ನು. ಅವರ ಎದುರು ಹೇಳಿಲ್ಲ, ನೀನೂ ಹೇಳಬೇಡ, ತಲೆ ಮೇಲೆ ಕೂತಾರು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ನಾನು ಕಾಯಿ ತುರಿಯುತ್ತಿದ್ದೆ. ಪಟ ಬಂತು, ಬಾ ಬಾ ಎಂದು ಒಂದೇ ಸಮ ಕರೆದರು. ನನಗೋ ರೇಗಿಹೋಗಿತ್ತು. ಹೋಗಿ ಫೋನು ನೋಡಿದರೆ ನಮ್ಮೂರಿನ ನೆಟ್‌ವರ್ಕು ಗೊತ್ತಲ್ಲ, ಪಟ ಇನ್ನೂ ಇಳಿದೇ ಇರಲಿಲ್ಲ. ಬೂದು ಬಣ್ಣದ ಚೌಕ, ನಡುವೆ ಗಿರ್ರನೆ ತಿರುಗುವ ಒಂದು ಬಳೆ, ಅಷ್ಟೇ. ಕೆಣಕೋಣ ಎಂದು, ಎಂತದೂ ಅಲ್ಲ ಮಾರಾಯರೇ, ಒಂದು ಹಸಿರು ಗಿಳಿ ಎಂದುಬಿಟ್ಟೆ. ಎಲ್ಲಿ ಗಿಳಿ, ನಿನಗೆ ತಲೆ ಸರಿ ಇದೆಯಾ ಎಂದು ಬೈಯುತ್ತಾರೆ, ನಗಬಹುದು ಎಂದುಕೊಂಡಿದ್ದೆ.

ಅವರು ಫೋನನ್ನು ಮೂಗಿನ ತುದಿಗೆ ಹಿಡಿದರು. ಆ ಕಡೆ ಈ ಕಡೆ ವಾಲಿಸಿ ನೋಡಿದರು. ಆಮೇಲೆ, "ಹೌದೌದು, ಹಸಿರು ಕಾಣ್ತದೆ. ಬಾಲ ಎಲೆ ಹಿಂದೆ ಆತು, ಅಲ್ದಾ?" ಎಂದರು.

ನನ್ನ ಕೈಯಲ್ಲಿ ಕಾಯಿ ತುರಿ ಹಾಗೆಯೇ ಇತ್ತು. ನಗು ಎಲ್ಲಿ ಹೋಯಿತೋ. ಹೌದು, ಎಲೆ ಹಿಂದೆ ಆತು ಎಂದು ನಾನೂ ಹೇಳಿದೆ. ಒಳಗೆ ಹೋಗಿ ಒಲೆಯ ಎದುರು ಕೂತು ಸೆರಗಿನಲ್ಲಿ ಬಾಯಿ ಮುಚ್ಚಿ ಅತ್ತೆ. ಇಷ್ಟು ದಿನ ಕನ್ನಡಕ ಕಳೆದಿರಲಿಲ್ಲ, ಕೈಗೆ ಎಣ್ಣೆಯೂ ಆಗಿರಲಿಲ್ಲ. ಅವರಿಗೆ ಪಟವೇ ಕಾಣುತ್ತಿರಲಿಲ್ಲ.

ಪಟ ಇಳಿದ ಮೇಲೆ, ಗಿಳಿಯಲ್ಲ, ನೆಟ್ಟಗೆ ನೋಡಿರಲಿಲ್ಲ ಎಂದು ಅದರಲ್ಲಿದ್ದದ್ದನ್ನೇ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಕೇಳಿಯೇ ಬಿಟ್ಟೆ. ಮೊದಲು ಮಾತು ಹಾರಿಸಿದರು, ಆಮೇಲೆ ಒಪ್ಪಿಕೊಂಡರು. ಕಣ್ಣು ಮಂಜಾಗಲು ಶುರುವಾಗಿ ವರ್ಷದ ಮೇಲಾಯಿತಂತೆ. ಈಗ ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ, ಯಾರು ಬಂದರು ಎಂಬುದನ್ನು ನಡಿಗೆಯ ಸದ್ದಿನಿಂದ ತಿಳಿಯುತ್ತಾರಂತೆ. ರಂಜಿತಾಳಿಗೆ ಮಾತ್ರ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ನಂಗೆ ಕಾಣೂದಿಲ್ಲ ಅಂತ ಗೊತ್ತಾದ್ರೆ ಕೂಸು ಆಟ ನಿಲ್ಲಿಸ್ತದೆ ಎಂದರು. ನಾನು ಬೈದೆ. ಎಲ್ಲರಿಗೂ ಮೋಸ ಮಾಡಿ ಗೆಲ್ಲುತ್ತೀರಿ, ನಾಚಿಕೆಯಾಗಬೇಕು ಎಂದೆ. ಹಾಗೆ ಬೈದದ್ದು ಆಮೇಲೆ ನನಗೇ ಸರಿ ಕಾಣಲಿಲ್ಲ. ಯೋಚಿಸಿ ನೋಡು. ನನ್ನಂಥವಳು ಇಕ್ಕಳ, ರವೆ, ಮುರುಗಲು ಎಂದು ಬಡಬಡಿಸಿದ್ದನ್ನು ಕೇಳಿ, ಎಲ್ಲಿ ತೆಗೆದದ್ದು, ಹೊಳೆ ಏರಿತ್ತೋ ಇಳಿದಿತ್ತೋ, ಸುತ್ತ ಏಡಿ ಉಂಟೋ ಎಂದು ಒಂದೊಂದೇ ವಿಚಾರಿಸಿ, ಕಾಣದ ಹಕ್ಕಿಯನ್ನು ಮನಸ್ಸಿನಲ್ಲೇ ಕೂರಿಸಿಕೊಂಡು ಹೆಸರು ಹೇಳುವುದು ಯಾರಿಗೆ ಬರುತ್ತದೆ? ಪೊದೆಯಲ್ಲಿ ಕೂತ ಚುಕ್ಕೆ ಚುಕ್ಕೆಯ ಹಕ್ಕಿಗೆ ರವೀಂದ್ರ ಒಂದು ಹೆಸರು, ಅಮೂಲ್ಯಾ ಟೀಚರು ಇನ್ನೊಂದು ಹೆಸರು ಹೇಳಿದಾಗ, ಕಣ್ಣು ಯಾವ ಬಣ್ಣ ಎಂದು ಒಂದೇ ಪ್ರಶ್ನೆ ಕೇಳಿ, ನಾನು ಕೆಂಪು ಎಂದದ್ದೇ, ಅದು ಹೆಣ್ಣು ಕೋಗಿಲೆ ಎಂದವರು ನಿನ್ನ ಅಪ್ಪ. ಇದನ್ನು ಮೋಸ ಎನ್ನುವುದಾದರೆ ಕಣ್ಣಿದ್ದೂ ಇಷ್ಟು ವರ್ಷ ಏನೂ ನೋಡದ ನನ್ನನ್ನು ಏನೆನ್ನಬೇಕು?

ಆದರೆ ಮೆಚ್ಚಿಕೊಂಡು ಕೂತರೆ ಕಣ್ಣು ಉಳಿಯುವುದಿಲ್ಲವಲ್ಲ. ಸಂಕ್ರಾಂತಿ ಕಳೆದ ಮೇಲೆ ನನ್ನ ಕನ್ನಡಕ ಬದಲಿಸಬೇಕು ಎಂದು ಸುಳ್ಳು ಹೇಳಿ ಅವರನ್ನು ಹೊನ್ನಾವರಕ್ಕೆ ಹೊರಡಿಸಿದೆ. ಅಲ್ಲಿನ ಕಣ್ಣಿನ ಡಾಕ್ಟರರ ಹತ್ತಿರ ನನ್ನದು ಮುಗಿದ ಮೇಲೆ, ಇವರದ್ದೂ ಒಂಚೂರು ನೋಡಿ ಎಂದೆ. ಎದ್ದು ಹೋಗಲು ನಾಚಿಕೆಯಾಗಿ ಕೂತರು. ಡಾಕ್ಟರು ತುಂಬ ಹೊತ್ತು ನೋಡಿದರು. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಎಡಗಣ್ಣಿನಲ್ಲಿ ಒತ್ತಡವೂ ಏರುತ್ತಿದೆ ಎಂದರು. ಪೊರೆ ತೆಗೆದರೆ ನೋಟ ಬಹಳಷ್ಟು ಮರಳುತ್ತದೆ. ಒತ್ತಡದಿಂದ ಹೋದದ್ದು ಮಾತ್ರ ಮರಳುವುದಿಲ್ಲ, ಫೆಬ್ರುವರಿ ದಾಟಿಸಬೇಡಿ ಎಂದು ನನ್ನ ಮುಖ ನೋಡಿಯೇ ಹೇಳಿದರು. ಹಾಕಿಕೊಳ್ಳಲು ಕೊಟ್ಟ ಹನಿಯನ್ನು ನಾನೇ ದಿನವೂ ಹಾಕುತ್ತಿದ್ದೇನೆ. ಆದರೆ ಆಪರೇಷನ್ ಎಂದ ಕೂಡಲೇ ಅವರು ಎದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ನಿನ್ನ ಬೀರ ದೊಡ್ಡಪ್ಪನ ಕತೆ ನೀನು ಸಣ್ಣವಳಿದ್ದಾಗ ಆದದ್ದು, ನಿನಗೆ ನೆನಪಿರಲಿಕ್ಕಿಲ್ಲ. ಬೀರಬಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದು, ಬೇಡ ಬೇಡ ಎಂದರೂ ಕೇಳದೆ ನಾಟಿ ಗದ್ದೆಗೆ ಇಳಿದರು. ಕಣ್ಣಿಗೆ ಕೆಸರು ನೀರು ಹಾರಿ ಕೀವಾಯಿತು, ಆ ಕಣ್ಣು ಹೋಯಿತು. ತಪ್ಪು ಗದ್ದೆಗಿಳಿದದ್ದು. ನಿನ್ನ ಅಪ್ಪನ ತಲೆಯಲ್ಲಿ ಮಾತ್ರ ಚಾಕು ಮುಟ್ಟಿದ ಕಣ್ಣು ಹೋಯಿತು ಎಂದೇ ಕೂತುಬಿಟ್ಟಿದೆ. ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ ಹೆದರದ ಮನುಷ್ಯ ಒಂದು ಸಣ್ಣ ಚಾಕುವಿಗೆ ಹೆದರುತ್ತಾರೆ. ನಾನು ಅತ್ತೆ, ಉಪವಾಸ ಕೂತೆ, ಮಾತು ಬಿಟ್ಟೆ. ಪ್ರತಿ ಸಲವೂ ಒಂದೇ ಉತ್ತರ: ವಾರ ವಾರ ಹಕ್ಕಿ ಸರಿ ಹೇಳ್ತೆ ಅಲ್ದಾ, ಕಣ್ಣಿಗೆ ಎಂತ ಆಗಿದೆ?

ಅಲ್ಲಿಗೆ ನನಗೆ ತಿಳಿಯಿತು. ಅವರು ಗೆಲ್ಲುತ್ತಿರುವಷ್ಟು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಅವರನ್ನು ಗೆಲ್ಲಿಸುತ್ತಿದ್ದವಳು ನಾನು.

ಈಗ ಹೋದ ಭಾನುವಾರದ ಮಾತಿಗೆ ಬರುತ್ತೇನೆ. ನೀನು ಹೊನ್ನಾವರದ ಮೀನು ಬಂದರಿನ ಪಟ ಹಾಕಿದ್ದೆ. ದೋಣಿಯ ಕಂಬದ ಮೇಲಿಂದ ಒಂದು ಕಂದು ಹಕ್ಕಿ ಹಾರುತ್ತಿದೆ, ಬೆನ್ನಿಗೆ ಒಂದು ಕಾಗೆ ಬಿದ್ದಿದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದೆ. ಬಂದರು, ದೋಣಿ, ಕಂದು ಮೈ, ಪಕ್ಕದ ಕಾಗೆಗಿಂತ ತುಸುವೇ ದೊಡ್ಡದು. ಬಾಲ ಹೇಗಿದೆ ಎಂದರು. ಬಾಲ ದುಂಡಗಿತ್ತು ರಂಜಿತಾ, ಬೀಸಣಿಗೆಯ ತುದಿಯ ಹಾಗೆ ಸ್ಪಷ್ಟವಾಗಿ ದುಂಡಗಿತ್ತು. ಬಾಲ ದುಂಡಗಿದ್ದರೆ ಗರುಡ, ನಡುವೆ ಕವಲೊಡೆದಿದ್ದರೆ ಹದ್ದು ಎಂದು ಅವರೇ ನನಗೆ ಕಲಿಸಿದ್ದರು. ಗರುಡನ ಮರಿಗೆ ಮೊದಲ ವರ್ಷ ಬಿಳಿ ತಲೆ ಇರುವುದಿಲ್ಲ, ಅದಕ್ಕೇ ಎಲ್ಲರೂ ಏಮಾರುತ್ತಾರೆ ಎಂದೂ ಹೇಳಿದ್ದರು. ಎಲ್ಲ ಗೊತ್ತಿದ್ದೂ ನಾನು ಕವಲು ಎಂದೆ.

ಅವರು ನನ್ನ ಕಡೆ ಕಿವಿ ತಿರುಗಿಸಿದರು. ಸರಿ ನೋಡಿ ಹೇಳು ಗಂಗೇ, ಕವಲೇಯಾ, ಎಂದರು. ಕವಲೇ ಎಂದೆ. ಫೋನು ಬಾಯಿಯ ಹತ್ತಿರ ಹಿಡಿದು, ಹದ್ದು, ಕಾರಣ ಬಾಲ ಕವಲು ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಮುಂದಿನದು ನಿನಗೇ ಗೊತ್ತು. ಅಮೂಲ್ಯಾ ಟೀಚರು ಗರುಡನ ಮರಿ ಎಂದು ಸರಿಯಾಗಿ ಹೇಳಿದರು. ಬಿಸಿಲಿಗೆ ಹಂಗೆ ಕಂಡಿರಬೇಕು ಕುಪ್ಪಣ್ಣ ಎಂದು ರವೀಂದ್ರ ನಿನ್ನ ಅಪ್ಪನ ಮರ್ಯಾದೆ ಉಳಿಸಲು ನೋಡಿದ. ಅಪ್ಪಾ, ನಿನಗೆ ಎಂತ ದಂಡ ಹಾಕೂದು ಅಂತ ಗುರುವಾರ ಹೇಳ್ತೆ ಎಂದು ನೀನು ನಗುವ ಚಿತ್ರ ಹಾಕಿದೆ. ನಾನು ಒಂದೊಂದನ್ನೂ ಅವರಿಗೆ ಓದಿ ಹೇಳಿದೆ. ಅವರು ಹೂಂ ಎಂದರು, ಊಟಕ್ಕೆ ಬಡಿಸು ಎಂದರು.

ನನ್ನನ್ನೇ ನಂಬಿದ ಮನುಷ್ಯನಿಗೆ ಸುಳ್ಳು ಹೇಳಿ ನಾಲ್ಕು ಜನರ ಎದುರು ಸೋಲಿಸಿದೆ. ಯಾಕೆ ಎಂದು ನಿನಗೆ ಈಗಾಗಲೇ ಹೊಳೆದಿರಬೇಕು. ನಿನ್ನ ಅಪ್ಪ ಡಾಕ್ಟರರ ಮಾತು ಮೀರುತ್ತಾರೆ, ನನ್ನ ಮಾತು ಮೀರುತ್ತಾರೆ, ಆಟದ ದಂಡ ಮೀರಿದ್ದನ್ನು ನಾನು ನೋಡಿಲ್ಲ. ಒಮ್ಮೆ ನೀನು ನಾಟಿ ಹಾಡು ಹಾಡಬೇಕು ಎಂದು ದಂಡ ಹಾಕಿದ್ದೆ. ಮೈ ಸುಡುವ ಜ್ವರದಲ್ಲಿ, ಒಡೆದ ಗಂಟಲಲ್ಲಿ, ಹೆಂಗಸರು ಹಾಡುವ ಆ ಉದ್ದದ ಹಾಡನ್ನು ಒಂದು ನುಡಿಯನ್ನೂ ಬಿಡದೆ ಹಾಡಿ ಕಳಿಸಿದರು. ಬೇಡ, ಮಲಗಿ ಎಂದರೆ, ಆಡಿದ ಮೇಲೆ ಆಡಿದ್ದು ಎಂದರು.

ಹಾಗಾಗಿ ನಾಳೆ ನೀನು ಹಾಡು ಕೇಳಬೇಡ, ಸುಕೇಳಿ ಕೇಳಬೇಡ. ಶನಿವಾರ ಬೆಳಿಗ್ಗೆ ಹೊನ್ನಾವರದ ಕಣ್ಣಿನ ಆಸ್ಪತ್ರೆಗೆ ಬಂದು ಆಪರೇಷನ್‌ಗೆ ಹೆಸರು ಬರೆಸಬೇಕು, ಇದೇ ದಂಡ ಎಂದು ಹಾಕು. ಗ್ರೂಪಿನಲ್ಲಿ ಬೇಡ, ಅವರೊಬ್ಬರಿಗೇ ಫೋನು ಮಾಡಿ ಹೇಳು. ಪಾಠ ಒಂದು ದಿನ ತಪ್ಪಿದರೆ ತಪ್ಪಲಿ, ಶಾಲೆಗೆ ರಜೆ ಹಾಕಿ ನೀನೂ ಬಾ. ಅಳಬೇಡ, ಬೈಯಬೇಡ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಅವರನ್ನೂ ಕೇಳಬೇಡ, ನನ್ನನ್ನೂ ಕೇಳಬೇಡ. ಆಪರೇಷನ್ ಆದ ಮೇಲೂ ಆಟ ಇದ್ದೇ ಇರುತ್ತದೆ ಎಂದು ಮೊದಲೇ ಹೇಳು, ಅವರಿಗೆ ಇರುವ ಹೆದರಿಕೆಯಲ್ಲಿ ಅರ್ಧ ಅದೇ. ಉಳಿದ ಅರ್ಧಕ್ಕೆ ನಾನಿದ್ದೇನೆ. ಕಣ್ಣು ಪೂರ್ತಿ ಮಾಗುವವರೆಗೆ ಗದ್ದೆಯ ಕಡೆ ತಲೆ ಹಾಕಲು ಬಿಡುವುದಿಲ್ಲ.

ನನಗೂ ಹೆದರಿಕೆಯಿದೆ ಮಗಾ. ಇಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಆದರೆ ಇಷ್ಟು ಹಕ್ಕಿಗಳನ್ನು ನನಗೆ ತೋರಿಸಿಕೊಟ್ಟ ಮನುಷ್ಯನಿಗೆ ಅವು ಕಾಣದೇ ಹೋಗುವುದನ್ನು ನಾನು ಸುಮ್ಮನೆ ನೋಡಲಾರೆ.

ಈ ಕಾಗದ ಓದಿ ಒಲೆಗೆ ಹಾಕು. ವಿನೋದನಿಗೂ ತೋರಿಸಬೇಡ, ಅವನ ಬಾಯಿ ಹಗುರ.

ಇಂತಿ ನಿನ್ನ ಅವ್ವಿ,
ಗಂಗೆ

ತಾ.ಕ.: ಒಲೆಗೆ ಹಾಕುವುದು ಬೇಡ. ಕಾಗದ ಮಡಚಿ ಇಟ್ಟು ವಿನೋದನ ದಾರಿ ಕಾಯುತ್ತಿದ್ದೆ. ನಿನ್ನ ಅಪ್ಪ ಬಂದು ಪಕ್ಕದಲ್ಲಿ ಕೂತು, ಪೆನ್ನಿನ ಸದ್ದು ಆಗಿನಿಂದ ಕೇಳ್ತಾ ಉಂಟು, ಕಾಗದ ರಂಜಿತಾಗಾ, ಎಂದು ಕೇಳಿದರು. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಭಕ್ತಿಯ ಸಾಲನ್ನೂ ಬಿಡಲಿಲ್ಲ. ಸಿಟ್ಟಾಗುತ್ತಾರೆ ಎಂದಿದ್ದೆ, ನಗಲು ಹಿಡಿದರು. ಅದು ಗರುಡನ ಮರಿ ಎಂದು ಅವರಿಗೆ ಭಾನುವಾರವೇ ಗೊತ್ತಿತ್ತಂತೆ. ಹದ್ದಾಗಿದ್ದರೆ ಕಾಗೆಗಿಂತ ತುಸುವೇ ದೊಡ್ಡದು ಎಂದು ನಾನು ಹೇಳುತ್ತಿರಲಿಲ್ಲವಂತೆ, ಅದು ಕಾಗೆಗಿಂತ ಬಹಳ ದೊಡ್ಡದಂತೆ. ಅದೂ ಅಲ್ಲದೆ ಕವಲು ಎನ್ನುವಾಗ ನನ್ನ ದನಿ ನಡುಗಿತಂತೆ. ಹಾಗಾದರೆ ಹದ್ದು ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. "ಆ ಗಿಳಿಯ ತಮಾಷೆ ಬಿಟ್ರೆ ನೀ ನಂಗೆ ಹಕ್ಕಿ ವಿಷಯದಲ್ಲಿ ಯಾವತ್ತೂ ಸುಳ್ಳು ಹೇಳಿದವಳಲ್ಲ. ನೀ ಸುಳ್ಳು ಹೇಳ್ತಿ ಅಂದ್ರೆ ಅಷ್ಟು ಹೆದರಿದ್ದಿ ಅಂತ ಗೊತ್ತಾತು. ಆಪರೇಷನ್ನಿಗೆ ಬತ್ತೆ ಅಂತ ನಾನಾಗಿ ಹೇಳೂಕೆ ಬಾಯಿ ಬರ್ಲಿಲ್ಲ, ಸೋಲೂಕೆ ಬಂತು" ಎಂದರು. ನಾಳೆ ಬೆಳಿಗ್ಗೆ ಬೇಗ ಫೋನು ಮಾಡು. ದಂಡ ಏನೆಂದು ಗೊತ್ತಿಲ್ಲದವರ ಹಾಗೆ ಕೇಳಿಸಿಕೊಳ್ಳುತ್ತಾರೆ, ನೀನೂ ಹಾಗೆಯೇ ಹೇಳು. ಶನಿವಾರಕ್ಕೆ ಬಿಳಿ ಅಂಗಿ ಒಗೆದಿಡಲು ಆಗಲೇ ನನಗೆ ಹೇಳಿದ್ದಾರೆ.